ಗಿಡ್ಡ ಕುದುರೆಗಳಿಗೊಂದು ನೇಗಿಲು

ವಾಷಿಂಗ್ಟನ್

ಯಾಕೆ ಬಂದಿರಿ ಎಂದು ವಾಷಿಂಗ್ಟನ್ ವಿಮಾನ ನಿಲ್ದಾಣದ ಅಧಿಕಾರಿ ಕೇಳಿದಾಗ ನಾನು ಇದ್ದದ್ದನ್ನೇ ಹೇಳಿದೆ. ತಮ್ಮನ ಮನೆಗೆ ಬಂದಿದ್ದೇನೆ, ಅವನಿಗೊಂದು ನೇಗಿಲು ಆರಿಸಿಕೊಡಬೇಕು. ನನ್ನ ವಯಸ್ಸಿನ ಹೆಂಗಸರು ಮಗಳ ಬಾಣಂತನಕ್ಕೆ ಬರುವುದನ್ನು ನೋಡಿ ಅಭ್ಯಾಸವಾಗಿದ್ದ ಆತ ತಲೆ ಎತ್ತಿದ. ಹಿಮ ತಳ್ಳುವುದೇ ಎಂದು ಕೇಳಿದ. ಆ ಊರಲ್ಲಿ 'ಪ್ಲೌ' ಎಂದರೆ ಮೊದಲು ನೆನಪಾಗುವುದು ಚಳಿಗಾಲದಲ್ಲಿ ರಸ್ತೆಯ ಹಿಮ ಸರಿಸುವ ಗಾಡಿಯಂತೆ. ಹಿಮದ್ದಲ್ಲ, ಮಣ್ಣಿನದು, ಕುದುರೆಗೆ ಕಟ್ಟುವುದು ಎಂದೆ. ಆತ ನನ್ನ ಹಿಂದಿನ ಉದ್ದನೆಯ ಸಾಲನ್ನೊಮ್ಮೆ ನೋಡಿ ಇನ್ನೇನೂ ಕೇಳದೆ ಠಸ್ಸೆ ಒತ್ತಿದ.

ನಗುತ್ತಲೇ ಹೊರಗೆ ಬಂದೆ. ಆ ನಗು ಕಾರು ನಿಲ್ಲಿಸುವ ಜಾಗದವರೆಗೂ ಉಳಿಯಲಿಲ್ಲ.

ನನ್ನ ತಮ್ಮ ಬಸು ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿರುತ್ತಾನೆ. ಅಲ್ಲಿನ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಔಷಧ ಕಂಪನಿಯಲ್ಲಿ ಎಂಜಿನಿಯರ್. ಕೊರೋನಾ ಬಂದು ಎಲ್ಲರೂ ಮನೆಯೊಳಗೆ ಕುಳಿತ ವರ್ಷ, ಊರಾಚೆ ಒಂದಿಷ್ಟು ಹೊಲ ಕೊಂಡ. ಅದರ ಬೆನ್ನಿಗೇ ಒಂದು ಜೋಡಿ ಗಿಡ್ಡ ಕುದುರೆ. ಗಾಡಿ ಎಳೆಯಲು, ಹೊಲ ಉಳಲು ಸಾಕುವ ಜಾತಿಯವು. ಅದಾಗಿ ಸ್ವಲ್ಪ ದಿನಕ್ಕೆ ಅವನಿಗೆ ಪಾರ್ಕಿನ್ಸನ್ ಕಾಯಿಲೆ ಎಂದು ಗೊತ್ತಾಯಿತು. ಫೋನಿನಲ್ಲಿ ಹೇಳಿದ್ದ, ಇಲ್ಲವೆಂದಲ್ಲ. "ಬಲಗೈ ಸ್ವಲ್ಪ ನಡಗತೈತಿ ಅಷ್ಟ" ಎಂದಿದ್ದ. ವಿಡಿಯೊ ಕರೆಗೆ ಕುಳಿತಾಗಲೆಲ್ಲ ಕೈಗಳನ್ನು ಮೇಜಿನ ಕೆಳಗೆ ಯಾಕೆ ಇಟ್ಟುಕೊಂಡಿರುತ್ತಿದ್ದ ಎಂಬುದು ನನಗೆ ಈಗ ತಿಳಿಯಿತು.

ಎದುರಿಗೆ ಬಂದವನು ಪುಟ್ಟ ಪುಟ್ಟ ಹೆಜ್ಜೆ ಇಡುತ್ತಿದ್ದ. ಒಂದು ಕೈ ಬೀಸುತ್ತಲೇ ಇರಲಿಲ್ಲ. ಕಾಲು ಮುಟ್ಟಿ ನಮಸ್ಕರಿಸಲು ಬಗ್ಗಿದವನನ್ನು ಹೆಂಡತಿ ಸುಧಾ ಹಿಡಿದು ಎತ್ತಬೇಕಾಯಿತು.

"ನಾಳಿ ಇಲ್ಲೇ ವರ್ಜೀನಿಯಾದಾಗ ಹಳೇ ನೇಗಿಲದ ಹರಾಜು ಐತಿ, ಅಕ್ಕ. ಅದಕ್ಕ ನಿನ್ನ ಟಿಕೆಟ್ ಇಲ್ಲಿಗೇ ಮಾಡ್ಸಿದ್ದೆ" ಎಂದ. ಅವನ ಮಾತು ಕೇಳಲು ನಾನು ಹತ್ತಿರಕ್ಕೆ ಬಾಗಬೇಕಾಯಿತು. ಮೊದಲೆಲ್ಲ ಅಂಗಳದಲ್ಲಿ ನಿಂತು ಕೂಗಿದರೆ ಹೊಲದ ಬದುವಿಗೆ ಕೇಳುತ್ತಿದ್ದ ದನಿ ಅದು.

ವರ್ಜೀನಿಯಾ

ಹರಾಜು ಒಂದು ಹುಲ್ಲುಗಾವಲಿನಲ್ಲಿ ನಡೆಯಿತು. ತುಕ್ಕು ಹಿಡಿದ ಕಬ್ಬಿಣವನ್ನು ಸಾಲಾಗಿ ಜೋಡಿಸಿದ್ದರು. ಟೋಪಿ ಹಾಕಿದ ಮುದುಕರು ಕಾಗದದ ಲೋಟದಲ್ಲಿ ಕಾಫಿ ಹಿಡಿದು ಅವುಗಳ ನಡುವೆ ಓಡಾಡುತ್ತಿದ್ದರು. ಹರಾಜು ಕೂಗುವವನು ಉಸಿರು ತೆಗೆದುಕೊಳ್ಳುವುದೇ ಕಾಣಲಿಲ್ಲ. ನಮ್ಮ ಗದಗಿನ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಸವಾಲು ಕೂಗುವವರು ಇವನ ಮುಂದೆ ಮೌನವ್ರತದವರು. ನಮ್ಮಲ್ಲಿ ಸವಾಲೆಂದರೆ ನೂಕಾಟ, ಜಗಳ. ಇಲ್ಲಿ ಕೊಳ್ಳುವವರು ಬಾಯಿ ತೆರೆಯುವುದಿಲ್ಲ. ಕೈಗೆ ಕೊಟ್ಟ ನಂಬರಿನ ಚೀಟಿಯನ್ನು ಒಂದು ಚೂರು ಅಲ್ಲಾಡಿಸಿದರೆ ಮುಗಿಯಿತು.

ನಾನು ನೇಗಿಲು ಹಿಡಿದವಳಲ್ಲ. ಗಂಡ ತೀರಿಕೊಂಡ ಮೇಲೆ ಹೊಲ ಮಾಡಿಸುತ್ತ ಬಂದವಳು, ನೇಗಿಲು ಹಿಡಿದವರ ಹಿಂದೆ ನಡೆದವಳು. ಆದರೂ ಒಂದು ಗೊತ್ತಿತ್ತು: ಎತ್ತು ನೋಡಿ ನೇಗಿಲು ಕಟ್ಟಬೇಕು. ಕುಳ ಅಗಲವಾದಷ್ಟೂ ಮಗುಚುವ ಮಣ್ಣು ಹೆಚ್ಚು, ಎಳೆಯುವ ಪ್ರಾಣಿಗೆ ಭಾರ ಹೆಚ್ಚು. ಬಸು ಕೂಡ ಓದಿಕೊಂಡಿದ್ದ. ತನ್ನ ಕುದುರೆಗಳಿಗೆ ಹತ್ತಿಂಚು ಅಗಲದ್ದು ಸಾಕು, ಹನ್ನೆರಡು ಇಂಚಿನದು ಆನೆಯಂಥ ದೊಡ್ಡ ಕುದುರೆಗಳಿಗೆ ಎಂದು ನನಗೆ ಹೇಳಿದ್ದೇ ಅವನು.

ಹನ್ನೆರಡು ಇಂಚಿನ ದೊಡ್ಡ ನೇಗಿಲೊಂದು ಹರಾಜಿಗೆ ಬಂತು. ನಮಗೆ ಬೇಡದ್ದು, ಸುಮ್ಮನೆ ನಿಂತಿದ್ದೆವು. ಬಸುವಿನ ಬಲಗೈಯಲ್ಲಿ ನಂಬರಿನ ಚೀಟಿ ಇತ್ತು. ಕೈ ನಡುಗುತ್ತಿತ್ತು. ಕೂಗುವವನು ನಮ್ಮತ್ತ ಬೆರಳು ತೋರಿಸಿ ಬೆಲೆ ಏರಿಸಿದ. ಕೆಂಪು ಟೋಪಿಯ ಮುದುಕನೊಬ್ಬ ಪೈಪೋಟಿಗೆ ಬಿದ್ದ. ಚೀಟಿ ಇನ್ನಷ್ಟು ನಡುಗಿತು, ಬೆಲೆ ಇನ್ನಷ್ಟು ಏರಿತು. ಏನಾಗುತ್ತಿದೆ ಎಂದು ನಮಗೆ ಹೊಳೆಯುವಷ್ಟರಲ್ಲಿ ಮುದುಕ ನಕ್ಕು ಕೈಚೆಲ್ಲಿದ. ನೇಗಿಲು ನಮ್ಮದಾಗಿತ್ತು. ಸುತ್ತಲಿದ್ದವರು ಬಸುವಿನ ಬೆನ್ನು ತಟ್ಟಿದರು.

"ಹೇಳು ಅವರಿಗೆ, ಬಸು. ಮಿಸ್ಟೇಕ್ ಆಯ್ತು ಅಂತ ಹೇಳು" ಎಂದಳು ಸುಧಾ. ಅವಳು ಮೈಸೂರಿನವಳು. ಸಿಟ್ಟು ಬಂದರೂ ದನಿ ಏರಿಸುವುದಿಲ್ಲ.

"ಏನಂತ ಹೇಳ್ಲಿ? ನನ್ನ ಕೈ ನನ್ನ ಮಾತು ಕೇಳೂದಿಲ್ಲ ಅಂತ ಹೇಳ್ಲ್ಯಾ?"

ಬಸು ದುಡ್ಡು ಕಟ್ಟಿ, ಇಬ್ಬರು ಹುಡುಗರನ್ನು ಕರೆದು ನೇಗಿಲನ್ನು ಬಾಡಿಗೆಗೆ ತಂದ ವ್ಯಾನಿನೊಳಗೆ ಹಾಕಿಸಿದ. ಕ್ಯಾರಿಯವರೆಗೂ ಅದು ಪ್ರತಿ ತಿರುವಿನಲ್ಲಿ ಹಿಂದೆ ದಡಬಡ ಎನ್ನುತ್ತಿತ್ತು. ನಾವು ಮೂವರೂ ಅದರ ಸದ್ದು ಕೇಳದವರಂತೆ ಕುಳಿತಿದ್ದೆವು.

ಕ್ಯಾರಿ

ಅವರ ಬಡಾವಣೆಯಲ್ಲಿ ಎಲ್ಲ ಮನೆಗಳಿಗೂ ಹೆಚ್ಚುಕಡಿಮೆ ಒಂದೇ ಬಣ್ಣ. ಬೇರೆ ಬಣ್ಣ ಬಳಿಯಲು ಅಪ್ಪಣೆ ಬೇಕಂತೆ. ಅಂಗಳದಲ್ಲಿ ಬಟ್ಟೆ ಒಣಹಾಕುವಂತಿಲ್ಲ. ನಾನು ಹೋದ ದಿನಗಳಲ್ಲಿ ಪೈನ್ ಮರಗಳು ಹೂಬಿಟ್ಟು ಊರ ತುಂಬ ಅರಿಸಿನದಂಥ ಪುಡಿ ಉದುರುತ್ತಿತ್ತು. ಕಾರಿನ ಮೇಲೆ, ಮೆಟ್ಟಿಲ ಮೇಲೆ ಎಲ್ಲೆಲ್ಲೂ ಹಳದಿ. ಅಷ್ಟೊಂದು ಅರಿಸಿನದ ನಡುವೆ ಮಂಗಳಕಾರ್ಯ ಮಾತ್ರ ಯಾವ ಮನೆಯಲ್ಲೂ ಕಾಣಲಿಲ್ಲ. ಬೀದಿಯಲ್ಲಿ ನಡೆಯುವವರೇ ಇಲ್ಲ.

ಅಡುಗೆಮನೆಯಲ್ಲಿ ಸುಧಾ ನನಗೆ ಚಹಾ ಕೊಟ್ಟು ಬಾಗಿಲು ಮುಂದೆ ಮಾಡಿದಳು.

"ಅತ್ತಿಗೆ, ಅವರು ನಿಮ್ಮನ್ನ ನೇಗಿಲು ಆರಿಸೋಕೆ ಅಂತ ಕರೆಸಿದಾರೆ. ನಾನು ಯಾಕೆ ಒಪ್ಕೊಂಡೆ ಗೊತ್ತಾ? ನೀವು ನೋಡಿದ್ರೆ ಬೇಡ ಅಂತೀರ, ನಿಮ್ಮ ಮಾತು ಕೇಳ್ತಾರೆ ಅಂತ. ಎರಡು ಸಲ ಬಿದ್ದಿದಾರೆ. ಒಂದು ಸಲ ಕುದುರೆ ಕಾಲ ಹತ್ರಾನೇ. ಆಫೀಸ್ ಮೀಟಿಂಗ್ ಮಧ್ಯೆ ಫೋನ್ ರಿಂಗ್ ಆದ್ರೆ ಎದ್ದು ಹೊರಗೆ ಓಡ್ತೀನಿ. ಆ ಕುದುರೆಗಳನ್ನ ಕೊಟ್ಬಿಡಿ ಅಂತ ನೀವೇ ಹೇಳಿ."

ತಮ್ಮ ಕರೆಸಿದ್ದು ಹೂಂ ಎನ್ನಲು, ಅವನ ಹೆಂಡತಿ ಕರೆಸಿದ್ದು ಊಹೂಂ ಎನ್ನಲು. ಏಳು ಸಮುದ್ರ ದಾಟಿ ಬಂದು ಆ ಎರಡರ ನಡುವೆ ಸಿಕ್ಕಿಕೊಂಡು ಚಹಾ ಕುಡಿದೆ.

ಮರುದಿನ ಹೊಲಕ್ಕೆ ಹೋದೆವು. ಕ್ಯಾರಿಯಿಂದ ಕಾರಿನಲ್ಲಿ ಮುಕ್ಕಾಲು ಗಂಟೆ. ಮಣ್ಣು ನೋಡಿ ನನಗೆ ಜೀವ ಬಂದಂತಾಯಿತು. ನಮ್ಮೂರಿನ ಕೆಂಪು ಮಸಾರಿ ಮಣ್ಣಿಗಿಂತಲೂ ಕೆಂಪು. ಆದರೆ ಕೈಯಲ್ಲಿ ಹಿಡಿದರೆ ಕುಂಬಾರನ ಜೇಡಿಯಂತೆ ಬಿಗಿ. ಮಳೆ ಬಂದರೆ ಅಂಟು, ಬಿಸಿಲು ಬಿದ್ದರೆ ಇಟ್ಟಿಗೆ.

ಕುದುರೆಗಳು ಬೇಲಿಯ ಹತ್ತಿರ ಬಂದು ನಿಂತವು. ಹೊಂಬಣ್ಣದ ಮೈ, ಬೆಳ್ಳಗಿನ ಜೂಲು, ಗಿಡ್ಡ ದಪ್ಪ ಕಾಲು. ಬೆನ್ನು ನನ್ನ ಗದ್ದಕ್ಕೆ ಬರುತ್ತಿತ್ತು. ಎರಡೂ ಹೆಣ್ಣು. ಬಸು ಅವಕ್ಕೆ ಕೆಂಚಿ, ಸೋಮಿ ಎಂದು ಹೆಸರಿಟ್ಟಿದ್ದ. ಅಮೆರಿಕದಲ್ಲಿ ಹುಟ್ಟಿದ ಆ ಕುದುರೆಗಳಿಗೆ ನಡಿ, ನಿಂದ್ರು, ಹಿಂದ್ ಸರಿ ಎಂದು ನಮ್ಮ ಭಾಷೆಯನ್ನೇ ಕಲಿಸಿದ್ದ. ಸುಧಾಳಿಗೇ ಅರ್ಥವಾಗದ ಗದಗಿನ ಮಾತು ಅವಕ್ಕೆ ಅರ್ಥವಾಗುತ್ತಿತ್ತು.

ಹೇಗಿದ್ದರೂ ತಂದಾಗಿದೆ, ನೋಡಿಯೇ ಬಿಡೋಣ ಎಂದು ಬಸು ಆ ದೊಡ್ಡ ನೇಗಿಲನ್ನೇ ಕಟ್ಟಿಸಿದ. ಲಗಾಮು ನನ್ನ ಕೈಯಲ್ಲಿ, ನೇಗಿಲಿನ ಎರಡು ಹಿಡಿಕೆ ಅವನ ಕೈಯಲ್ಲಿ. "ನಡಿ" ಎಂದೆ. ಕುದುರೆಗಳು ತಲೆ ತಗ್ಗಿಸಿ ಎಳೆದವು. ತೊಡೆಯ ನರ ಉಬ್ಬಿದವು. ಕುಳ ಒಂದು ಮಾರು ಮಣ್ಣು ಸೀಳಿ ಯಾವುದೋ ಬೇರಿಗೆ ತಾಗಿತು. ಹಿಡಿಕೆ ಜಿಗಿದು ಬಸುವಿನ ಪಕ್ಕೆಗೆ ಬಡಿಯಿತು. ಅವನು ಸದ್ದಿಲ್ಲದೆ ಕುಳಿತುಬಿಟ್ಟ. ಸೋಮಿ ಇಡೀ ಮೈ ಬೆವೆತು ಏದುಸಿರು ಬಿಡುತ್ತಿತ್ತು.

ಸುಧಾ ಕಾರಿನಿಂದ ಓಡಿ ಬಂದಳು. ನನ್ನ ಮುಖವನ್ನೇ ನೋಡಿದಳು. ಹೇಳಬೇಕಾದ ಮಾತು ನನ್ನ ನಾಲಗೆಯ ಮೇಲಿತ್ತು. ಬಸು ನೆಲದಲ್ಲಿ ಕುಳಿತೇ ನನ್ನತ್ತ ತಿರುಗಿ, "ನೇಗಿಲ ದೊಡ್ಡದಾತು ಅಕ್ಕ, ಅಷ್ಟ. ಬ್ಯಾರೆ ನೋಡೂಣು" ಎಂದ.

"ಹೂಂ, ನೋಡೂಣು" ಎಂದೆ. ಸುಧಾ ನನಗೆ ಬೆನ್ನು ತಿರುಗಿಸಿ ಕಾರಿನ ಕಡೆ ನಡೆದಳು.

ಡುಲುತ್

ಹಿಡಿಕೆ ಹಿಡಿಯಲು ಆಗದವರಿಗೆ ಇನ್ನೊಂದು ಬಗೆಯ ನೇಗಿಲಿದೆ. ಗಾಲಿ, ಮೇಲೊಂದು ಕಬ್ಬಿಣದ ಆಸನ. ಕುಳಿತುಕೊಂಡೇ ಉಳಬಹುದು. ಅಂಥದ್ದೊಂದು ಅಟ್ಲಾಂಟಾದ ಉತ್ತರಕ್ಕೆ ಯಾರದೋ ಕೊಟ್ಟಿಗೆಯಲ್ಲಿದೆ ಎಂದು ಬಸು ಇಂಟರ್ನೆಟ್ಟಿನಲ್ಲಿ ಹುಡುಕಿ ತಿಳಿದುಕೊಂಡಿದ್ದ. ಅವನ ಮಗಳು ಅನು ಅಲ್ಲೇ ಡುಲುತ್‌ನಲ್ಲಿ ಕೆಲಸದಲ್ಲಿದ್ದಾಳೆ. ಅವಳನ್ನೂ ನೋಡಿದಂತಾಯಿತು ಎಂದು ಸುಧಾ ಮತ್ತೆ ಬಾಡಿಗೆ ವ್ಯಾನು ತಂದು ಓಡಿಸಲು ಒಪ್ಪಿದಳು. ದಾರಿಯಲ್ಲಿ ಬಸು ಮಾತಾಡಿದ, ಯಾರ ಮುಖವನ್ನೂ ನೋಡದೆ.

"ಆಫೀಸಿನಾಗ ಎಲ್ಲಾರಿಗೂ ಗೊತ್ತಾಗೇತಿ. ನನ್ನ ಜೋಡಿ ಸಣ್ಣ ಹುಡುಗರ ಜೋಡಿ ಮಾತಾಡಿದಂಗ ಮಾತಾಡ್ತಾರ. ದೇವಸ್ಥಾನಕ್ಕ ಹೋದ್ರ ಕುರ್ಚಿ ತರ್ತಾರ. ಕುದುರಿಗೆ ಮಾತ್ರ ನನ್ನ ರೋಗ ಗೊತ್ತಿಲ್ಲ, ಅಕ್ಕ. ಅವು ನನ್ನನ್ನ ಮೊದಲಿನಂಗ ನೋಡ್ತಾವ. ಒಂದ್ಸಲ ಅವುಗಳ ಹಿಂದ ನಾ ಹೊಲಾ ಹೊಡೀಬೇಕು. ಒಂದ ಸಲ."

ಡುಲುತ್‌ನ ಅಂಗಡಿಗಳ ಮೇಲೆಲ್ಲ ಕೊರಿಯಾದ ಅಕ್ಷರ, ಆ ದೇಶದವರು ಅಲ್ಲಿ ಬಹಳವಂತೆ. ಅನು ನಮ್ಮನ್ನು ದೊಡ್ಡದೊಂದು ಕೊರಿಯನ್ ದಿನಸಿ ಅಂಗಡಿಗೆ ಕರೆದೊಯ್ದಳು. ಅಲ್ಲಿ ಕರಿಬೇವು, ಬೆಂಡೆಕಾಯಿ, ಹೀರೇಕಾಯಿ ಎಲ್ಲ ಸಿಕ್ಕವು. ಹೀರೇಕಾಯಿ ಆರಿಸುತ್ತ ಅವಳು ಅಪ್ಪನಿಗೆ, "ಅಪ್ಪಾ, ಜಸ್ಟ್ ಗೆಟ್ ಅ ಸ್ಮಾಲ್ ಟ್ರ್ಯಾಕ್ಟರ್. ಪ್ಲೀಸ್" ಎಂದಳು. ಅವನು ಕೇಳಿಸದವನಂತೆ ಮುಂದೆ ಹೋದ. ಅವಳು ನನ್ನ ಕೈ ಹಿಡಿದುಕೊಂಡಳು.

"ಅತ್ತೆ, ನಾನು ಮನೆಗೆ ಜಾಸ್ತಿ ಹೋಗಲ್ಲ. ಅಮ್ಮ ಕೋಪ ಮಾಡ್ತಾಳೆ. ಐ ಕಾಂಟ್ ವಾಚ್ ಹಿಮ್ ಈಟ್. ಸ್ಪೂನ್ ಇಂದ ಎಲ್ಲ ಬೀಳುತ್ತೆ. ನಂಗೆ ನೋಡಕ್ಕೆ ಆಗಲ್ಲ." ಅಷ್ಟು ಹೇಳಿ ತಕ್ಕಡಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ತರಕಾರಿ ತೂಗಲು ನಿಂತಿದ್ದ ಕೊರಿಯಾದ ಅಜ್ಜಿ ಅವಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದರು.

ಕೊಟ್ಟಿಗೆಯಲ್ಲಿದ್ದ ನೇಗಿಲು ಚೆನ್ನಾಗಿಯೇ ಇತ್ತು. ಬಸು ಅದರ ಮೇಲೆ ಹತ್ತಿ ಕುಳಿತ. ತೂತು ತೂತಿನ ಕಬ್ಬಿಣದ ಆಸನ, ಪಕ್ಕದಲ್ಲಿ ಕುಳವನ್ನು ಏರಿಸಿ ಇಳಿಸುವ ಸನ್ನೆಕೋಲು. ಅದರ ಮೇಲೆ ಕೈ ಇಟ್ಟಾಗ ಕೈ ನಿಂತಿತು. ನಡುಕವೇ ಇಲ್ಲ. ನಾನು ಬಂದಂದಿನಿಂದ ಮೊದಲ ಸಲ ಅವನು ಹಲ್ಲು ಕಾಣುವಂತೆ ನಕ್ಕ.

"ಹೆಂಗೈತಿ, ಅಕ್ಕ?"

"ನಿನಗ ಹೊಂದತೈತಿ."

"ಕುದುರಿಗೆ?"

ನಾನು ಕಬ್ಬಿಣದ ಚೌಕಟ್ಟನ್ನು ನೋಡಿದೆ, ಗಾಲಿಗಳನ್ನು ನೋಡಿದೆ, ಅವನನ್ನು ನೋಡಿದೆ. ಆ ಇಟ್ಟಿಗೆಯಂಥ ಮಣ್ಣು, ಸೋಮಿಯ ಏದುಸಿರು ಕಣ್ಣ ಮುಂದೆ ಬಂದವು. ಅಷ್ಟು ಭಾರವನ್ನು ಅವು ಎಳೆಯಲಾರವು. ಅವನು ನಿಧಾನವಾಗಿ ಕೆಳಗಿಳಿದ.

"ನನಗ ಹೊಂದೂದು ಅವಕ್ಕ ಹೊಂದೂದಿಲ್ಲ. ಅವಕ್ಕ ಹೊಂದೂದು ನನಗ ಹೊಂದೂದಿಲ್ಲ" ಎಂದ. ಮಾರುವವನು ನಮ್ಮ ಮಾತು ತಿಳಿಯದೆ ಇಬ್ಬರ ಮುಖವನ್ನೂ ನೋಡುತ್ತಿದ್ದ. ವಿಷಯ ಹೇಳಿದಾಗ ಅವನೇ, ಸೌತ್ ಕೆರೊಲಿನಾದಲ್ಲಿ ಇದೇ ಜಾತಿಯ ಕುದುರೆ ಸಾಕಿದ ಒಬ್ಬ ಹೆಂಗಸಿದ್ದಾಳೆ, ಹೋಗುವ ದಾರಿಯಲ್ಲೇ ಸಿಗುತ್ತದೆ, ಕೇಳಿ ನೋಡಿ ಎಂದು ವಿಳಾಸ ಕೊಟ್ಟ.

ಸೌತ್ ಕೆರೊಲಿನಾ

ಜೂನ್ ಎಂಬ ಆ ಹೆಂಗಸು ನನಗಿಂತ ಹಿರಿಯಳು. ಬಿಳಿ ಕೂದಲಿನ ಒಂದೇ ಜಡೆ, ಗಂಡಸರ ಬೂಟು. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಎಲ್ಲರನ್ನೂ ಮುದ್ದಿನಿಂದ 'ಹನಿ' ಎನ್ನುತ್ತಿದ್ದಳು. ನನ್ನನ್ನು, ಬಸುವನ್ನು, ಬೇಲಿ ಹಾರಿದ ಮೇಕೆಯನ್ನು ಕೂಡ. ಪರಿಚಯವಿಲ್ಲದ ನಮ್ಮನ್ನು ಊಟಕ್ಕೆ ಕೂರಿಸಿದಳು. ಮಾಂಸ ತಿನ್ನುವುದಿಲ್ಲ ಎಂದಾಗ ಒಂದು ಗಳಿಗೆ ಗಾಬರಿಯಾಗಿ, ಬೀನ್ಸಿನ ಪಾತ್ರೆಯಿಂದ ಹಂದಿಮಾಂಸದ ತುಂಡು ಎತ್ತಿ ಹಾಕಿ, ಈಗ ತಿನ್ನಬಹುದು ಎಂದು ನಮ್ಮ ಮುಂದಿಟ್ಟಳು. ನಾವು ಬ್ರೆಡ್ಡು, ಮೆಕ್ಕೆಜೋಳದ ತೆನೆ ತಿಂದೆವು. ಅಲ್ಲಿಯ ತಣ್ಣನೆಯ ಚಹಾ ನಮ್ಮ ಮದುವೆಮನೆಯ ಪಾನಕಕ್ಕಿಂತ ಸಿಹಿ.

ಊಟಕ್ಕೆ ಮೊದಲು ಎಲ್ಲರೂ ಕೈ ಕೈ ಹಿಡಿದು ಪ್ರಾರ್ಥಿಸುವುದು ಅವಳ ರೂಢಿ. ಬಸುವಿನ ಬಲಗೈಯನ್ನು ಜೂನ್ ಹಿಡಿದಳು, ಅವಳ ಇನ್ನೊಂದು ಕೈ ನನ್ನದರಲ್ಲಿತ್ತು. ಅವನ ನಡುಕ ಅವಳ ತೋಳು ಹಾದು ನನ್ನ ಬೆರಳಿಗೆ ಬಂತು. ಅವಳು ಕಣ್ಣು ತೆರೆಯದೆ ದೇವರಿಗೆ ಹೇಳುವುದನ್ನೆಲ್ಲ ಹೇಳಿ ಮುಗಿಸಿದಳು.

ಆಮೇಲೆ ಅವಳು ಕೊಟ್ಟಿಗೆಯಲ್ಲಿದ್ದ ಹತ್ತಿಂಚಿನ ಒಂದು ನೇಗಿಲು ತೋರಿಸಿದಳು. ಇಂಥ ಕುದುರೆಗೆ, ಈ ಕೆಮ್ಮಣ್ಣಿಗೆ ಇದೇ ಸರಿ ಎಂದಳು. ಕುಳಿತು ಉಳುವ ನೇಗಿಲು ಬೇಕಾದರೆ ಮೂರನೆಯ ಕುದುರೆ ಕಟ್ಟಬೇಕು, ಮೂರನ್ನು ಸಂಭಾಳಿಸಲು ಇನ್ನೂ ಗಟ್ಟಿ ಕೈ ಬೇಕು ಎಂದಳು. ನೋಡುತ್ತೀಯಾ ಎಂದು ತನ್ನದೇ ಜೋಡಿ ಕಟ್ಟಿದಳು. ಅವಳು ಲಗಾಮು ಹಿಡಿದಳು, ಬಸು ಹಿಡಿಕೆ ಹಿಡಿದ.

ನೇಗಿಲು ಹೊರಟಿತು. ಮಣ್ಣು ಬೆಣ್ಣೆಯಂತೆ ಸೀಳಿ ಬಲಕ್ಕೆ ಮಗುಚುತ್ತ ಹೋಯಿತು. ಬಸು ಸಾಲಿನೊಳಗೆ ನಡೆಯುತ್ತಿದ್ದ. ಪುಟ್ಟ ಹೆಜ್ಜೆಗಳಲ್ಲ, ನಿಜವಾದ ಹೆಜ್ಜೆಗಳು. ಸುಧಾ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು. ಅವಳೂ ಅದು ಆಗಲಿ ಎಂದು ಬಯಸುತ್ತಿದ್ದಳು. ಅರ್ಧ ಸಾಲು ಮುಗಿದಿರಬೇಕು, ಅವನ ಕಾಲು ನಿಂತುಬಿಟ್ಟವು. ಎಡವಲಿಲ್ಲ, ಬೀಳಲಿಲ್ಲ. ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಟ್ಟವು. ಆ ಕಾಯಿಲೆಯಲ್ಲಿ ಹಾಗಾಗುತ್ತದಂತೆ. ಕುದುರೆಗಳಿಗೆ ಹೇಗೆ ಗೊತ್ತಾಗಬೇಕು? ಹಿಡಿಕೆ ಕೈಜಾರಿ ನೇಗಿಲು ಮಗ್ಗುಲಾಗಿ ಹುಲ್ಲಿನ ಮೇಲೆ ಎಳೆದುಕೊಂಡು ಹೋಯಿತು. ಅವನು ಎರಡು ಕೈ ಮುಂದೆ ಚಾಚಿಕೊಂಡು ಸಾಲಿನ ನಡುವೆ ನಿಂತೇ ಇದ್ದ.

ಜೂನ್ ಕುದುರೆ ನಿಲ್ಲಿಸಿ ವಾಪಸು ಬಂದು ಅವನ ಪಕ್ಕದಲ್ಲಿ ಸುಮ್ಮನೆ ನಿಂತಳು. ಅವನ ಕಾಲು ಮತ್ತೆ ಕದಲುವವರೆಗೂ ಅಲ್ಲೇ ಇದ್ದಳು. ಆ ನೇಗಿಲನ್ನು ಬಸು ಕೊಂಡ. ವ್ಯಾನಿನ ಹಿಂಬಾಗಿಲು ತೆರೆದವಳು ಸುಧಾ.

ಮತ್ತೆ ಹೊಲ

ಒಂದು ಮಳೆ ಬಂದು ಹೋಗಿ ಮಣ್ಣು ಹದಕ್ಕೆ ಬಂದ ದಿನ ಹೊಲಕ್ಕೆ ಹೋದೆವು. ಈ ಸಲ ಹಿಡಿಕೆ ನಾನು ಹಿಡಿಯುವುದು, ಬಸು ಲಗಾಮು ಹಿಡಿದು ಪಕ್ಕದಲ್ಲಿ ನಡೆಯುವುದು ಎಂದು ಮಾತಾಯಿತು. ಕುದುರೆ ನಡೆಸುವುದಾದರೂ ಅವನಿಗಿರಲಿ ಎಂದು ನನ್ನ ಆಸೆ. ಸುಧಾ ಕಾರಿನಲ್ಲಿ ಕೂರದೆ ಬೇಲಿಯ ಪಕ್ಕ ನಿಂತಳು.

ನೇಗಿಲು ಕುದುರೆಗಳಿಗೆ ಹೇಳಿ ಮಾಡಿಸಿದಂತಿತ್ತು. ಸೋಮಿ ಕಿವಿ ಮುಂದೆ ಮಾಡಿ ಆರಾಮವಾಗಿ ಎಳೆಯಿತು. ನನ್ನ ಕೈಗೆ ಅಷ್ಟು ಭಾರವೂ ಇರಲಿಲ್ಲ. ಸಾಲು ಸ್ವಲ್ಪ ಸೊಟ್ಟ, ಆದರೆ ಸಾಲೇ. ಹೊಲದ ಕೊನೆ ಬಂತು. ಅಲ್ಲೊಂದು ಕಾಲುವೆ. ಬಸು "ನಿಂದ್ರು" ಎಂದ. ಕುದುರೆಗಳು ನಿಲ್ಲಲಿಲ್ಲ. ಅವನು ಮತ್ತೆ ಕೂಗಿದ. ಕುತ್ತಿಗೆಯ ನರ ಬಿಗಿದದ್ದು ಕಂಡಿತು, ಬಾಯಿ ತೆರೆದದ್ದು ಕಂಡಿತು. ದನಿ ನನಗೇ ಸರಿಯಾಗಿ ಕೇಳಲಿಲ್ಲ. ಲಗಾಮು ಜಗ್ಗಲು ಅವನ ಕೈಗೆ ಬಲ ಸಾಲಲಿಲ್ಲ. ಕಾಲುವೆ ಎರಡು ಹೆಜ್ಜೆ ದೂರವಿತ್ತು.

"ನಿಂದ್ರು!" ಎಂದು ನಾನು ಕಿರುಚಿದೆ.

ಕುದುರೆಗಳು ನಿಂತವು. ಎರಡೂ ಹಿಂದೆ ತಿರುಗಿ ನೋಡಿದವು, ನನ್ನನ್ನು.

ಬಸು ಲಗಾಮನ್ನು ನೆಲಕ್ಕೆ ಬಿಟ್ಟ.

"ಅಕ್ಕ, ಸಾಕು."

"ಇನ್ನೊಂದ ಸಾಲು ಹೊಡಿಯೂಣು, ಬಸು. ನಾ ಒದರ್ತೀನಿ, ನೀ ನಡಸು."

"ಅದು ನಿನ್ನ ಸಾಲು ಆಕ್ಕೈತಿ. ನಂದಲ್ಲ."

ಅಲ್ಲೇ ನಿಂತು ಜೇಬಿನಿಂದ ಫೋನು ತೆಗೆದು ಜೂನ್‌ಗೆ ಕರೆ ಮಾಡಿದ. ಆಚೆಯಿಂದ ಅವಳು ಕೇಳಿಸುತ್ತಿಲ್ಲ, ಜೋರಾಗಿ ಹೇಳು ಹನಿ, ಜೋರಾಗಿ ಎನ್ನುತ್ತಲೇ ಇದ್ದಳು. ಅವನು ಫೋನನ್ನು ನನ್ನ ಕೈಗಿಟ್ಟ. ನನ್ನ ತಮ್ಮ ತನ್ನ ಕುದುರೆಗಳನ್ನು ನಿಮಗೆ ಕೊಡಬೇಕೆಂದಿದ್ದಾನೆ, ನೇಗಿಲನ್ನೂ ಒಯ್ಯಿರಿ ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ. ಆ ಮಾತು ನನ್ನ ಬಾಯಿಂದ ಹೊರಡಬೇಕಾಯಿತು. ಜೂನ್ ಶನಿವಾರ ಬರುತ್ತೇನೆ ಎಂದಳು.

ಕುದುರೆಗಳ ಸಜ್ಜು ಬಿಚ್ಚುವುದು ಉಳಿದಿತ್ತು. ಅದನ್ನು ನಾನೇ ಮಾಡುತ್ತೇನೆ, ಯಾರೂ ಬರಬೇಡಿ ಎಂದ. ಕೊರಳಿನ ತೊಗಲಿನ ಪಟ್ಟಿಗೊಂದು ಬಕಲ್ ಇರುತ್ತದೆ. ಬೆವರಿಗೆ ನೆನೆದು ಬಿಗಿದುಕೊಂಡಿತ್ತು. ಕೆಂಚಿಯದನ್ನು ಹೇಗೋ ಬಿಚ್ಚಿದ. ಸೋಮಿಯದಕ್ಕೆ ಬೆರಳು ಕೂರಲೇ ಇಲ್ಲ. ಕೂತರೆ ಜಾರುತ್ತಿತ್ತು. ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದು ನೋಡಿದ. ಹಣೆಯನ್ನು ಕುದುರೆಯ ಭುಜಕ್ಕೆ ಆನಿಸಿ ನಿಂತು ನೋಡಿದ. ಬಿಸಿಲು ಬೇಲಿಯಾಚೆಗೆ ಸರಿಯಿತು. ಸೋಮಿ ಒಂದು ಕಾಲನ್ನೂ ಕದಲಿಸದೆ ನಿಂತಿತ್ತು. ನಾನು ಮುಂದಕ್ಕೆ ಹೆಜ್ಜೆ ಇಟ್ಟೆ. ಅವನು ತಿರುಗದೆಯೇ ತಲೆ ಅಲ್ಲಾಡಿಸಿದ.

ಕೊನೆಗೆ ಒಂದು ಹೆಜ್ಜೆ ಹಿಂದೆ ಸರಿದು ಹೆಂಡತಿಯನ್ನು ಕರೆದ.

"ಸುಧಾ, ನೀನ ಬಿಚ್ಚು."

ಇಷ್ಟು ವರ್ಷದಲ್ಲಿ ಆ ಕುದುರೆಗಳನ್ನು ಒಮ್ಮೆಯೂ ಮುಟ್ಟಿದವಳಲ್ಲ ಸುಧಾ. ಚಪ್ಪಲಿಗೆ ಕೆಸರು ಮೆತ್ತಿಸಿಕೊಂಡು ಬೇಲಿ ದಾಟಿ ಬಂದಳು. ಯಾವ ಕಡೆಯಿಂದ ಎಳೆಯಬೇಕು ಎಂದು ಗೊತ್ತಾಗದೆ ಅವನ ಮುಖ ನೋಡಿದಳು. ಅವನು ಬಾಯಲ್ಲಿ ಹೇಳಿಕೊಟ್ಟ. ಅವಳು ಕಿವಿಯನ್ನು ಅವನ ತುಟಿಯ ಹತ್ತಿರ ತಂದು ಕೇಳಿಸಿಕೊಂಡಳು. ಬಕಲ್ ಸಡಿಲವಾಗಿ, ಆ ಭಾರದ ಪಟ್ಟಿ ಅವಳ ಎರಡೂ ತೋಳಿನ ಮೇಲೆ ಬಿತ್ತು. ಅದನ್ನು ಎಲ್ಲಿ ಇಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಎದೆಗವುಚಿಕೊಂಡು ಅಲ್ಲೇ ನಿಂತು ಅಳತೊಡಗಿದಳು.